ದಹನದ ಒಪ್ಪಿಗೆ ಪತ್ರ: ನಾವು ಸಹಿ ಹಾಕುವುದು ಯಾವುದಕ್ಕೆ?

ಓದುಗರ ಪತ್ರದ ಸಾರ: ನಮ್ಮ ದೊಡ್ಡಪ್ಪ ಹೋದ ತಿಂಗಳು ತೀರಿಕೊಂಡರು. ದೊಡ್ಡಮ್ಮ ಮೊದಲೇ ಹೋಗಿದ್ದರು. ಗಂಡುಮಕ್ಕಳಿಬ್ಬರೂ ಪರದೇಶದಲ್ಲಿದ್ದಾರೆ. ಮಗಳಿಗೂ ದೊಡ್ಡಪ್ಪನಿಗೂ ಹತ್ತು ವರ್ಷದಿಂದ ಮಾತಿರಲಿಲ್ಲ. ಕೊನೆಯ ನಾಲ್ಕು ವರ್ಷ ನೋಡಿಕೊಂಡವನು ನಾನು. ಚಿತಾಗಾರದಲ್ಲಿ ನಾಲ್ಕು ಪುಟದ ಒಪ್ಪಿಗೆ ಪತ್ರ ಮುಂದಿಟ್ಟರು, ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ಈಗ ಅಕ್ಕ, ಅಂದರೆ ದೊಡ್ಡಪ್ಪನ ಮಗಳು, ‘ಸಹಿ ಹಾಕಲು ನೀನು ಯಾರು?’ ಎಂದು ಕೇಳುತ್ತಿದ್ದಾಳೆ. ಬೂದಿಯ ಡಬ್ಬಿ ನನ್ನ ಮನೆಯಲ್ಲೇ ಇದೆ. ನಾನು ತಪ್ಪು ಮಾಡಿದೆನೇ? ನನ್ನ ತಾಯಿಗೂ ವಯಸ್ಸಾಗಿದೆ, ಎದೆಯಲ್ಲಿ ಪೇಸ್‌ಮೇಕರ್ ಇದೆ. ಮುಂದೆ ಇಂಥ ಕಾಗದ ಎದುರಾದಾಗ ಏನೇನು ನೋಡಬೇಕು?

ಸಂಪಾದಕರ ಉತ್ತರ:

ನಾಲ್ಕು ವರ್ಷ ಹಿರಿಯರೊಬ್ಬರ ಸೇವೆ ಮಾಡಿದವರಿಗೆ ‘ನೀನು ಯಾರು’ ಎಂಬ ಮಾತು ಎಷ್ಟು ಚುಚ್ಚಿರಬೇಕೆಂದು ನಮಗೆ ಅರ್ಥವಾಗುತ್ತದೆ. ಆದರೂ ನಿಮ್ಮ ಅಕ್ಕ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಒಪ್ಪಿಗೆ ಪತ್ರ ಮೊದಲು ಕೇಳುವುದೂ ಅದನ್ನೇ.

ಅದನ್ನು ಆಸ್ಪತ್ರೆಯ ಬಿಲ್ಲಿನ ಹಾಗೆ ಒಂದು ರಸೀದಿ ಎಂದುಕೊಂಡು ಸಹಿ ಹಾಕುವವರೇ ಹೆಚ್ಚು. ನಿಜವಾಗಿ ಅದು ಮೂರು ಮಾತುಗಳ ಘೋಷಣೆ. ಈ ದೇಹ ಇಂಥವರದೇ. ಇದನ್ನು ದಹಿಸಿ ಎಂದು ಹೇಳುವ ಹಕ್ಕು ನನಗಿದೆ. ಈ ದೇಹದೊಳಗೆ ಬೆಂಕಿಗೆ ಅಪಾಯ ತರುವ ವಸ್ತು ಇಲ್ಲ, ಇದ್ದರೆ ತಿಳಿಸಿದ್ದೇನೆ. ಹೂತ ದೇಹವನ್ನು ಬೇಕಾದರೆ ಹೊರತೆಗೆದು ಪರೀಕ್ಷಿಸಬಹುದು. ಸುಟ್ಟ ಮೇಲೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದಲೇ ಹೂಳುವುದಕ್ಕಿಂತ ದಹನಕ್ಕೆ ಬಹಳ ಕಡೆ ಕಾಗದ ಜಾಸ್ತಿ, ಸಹಿ ಜಾಸ್ತಿ.

ಮೊದಲು ಹಕ್ಕಿನ ವಿಚಾರ. ದೇಶದಿಂದ ದೇಶಕ್ಕೆ ಕಾನೂನು ಬೇರೆಯಾದರೂ ಹಕ್ಕಿಗೆ ಸರದಿ ಇರುವ ಕಡೆಗಳಲ್ಲಿ ಅದು ಹೆಚ್ಚುಕಡಿಮೆ ಹೀಗಿರುತ್ತದೆ: ತೀರಿಕೊಂಡವರೇ ಬದುಕಿದ್ದಾಗ ಬರಹದಲ್ಲಿ ನೇಮಿಸಿದ ವ್ಯಕ್ತಿ, ಅನಂತರ ಗಂಡ ಅಥವಾ ಹೆಂಡತಿ, ವಯಸ್ಕ ಮಕ್ಕಳು, ತಂದೆತಾಯಿ, ಒಡಹುಟ್ಟಿದವರು. ಅವರ ನಂತರವೇ ನಿಮ್ಮಂಥ ತಮ್ಮನ ಮಗನ ಸರದಿ. ಆರೈಕೆ ಮಾಡಿದವರು ಎಂಬ ಕಾರಣಕ್ಕೆ ಈ ಸಾಲಿನಲ್ಲಿ ಮುಂದೆ ಬರಲಾಗುವುದಿಲ್ಲ. ಮಾತು ಬಿಟ್ಟ ಮಗಳು ಎಂಬ ಕಾರಣಕ್ಕೆ ಅವಳ ಹಕ್ಕು ತಾನಾಗಿ ಹೋಗುವುದೂ ಇಲ್ಲ. ಇದು ನಿಷ್ಠುರವಾಗಿ ಕಾಣಬಹುದು. ಆದರೆ ಸಾವಿನ ಮನೆಯಲ್ಲಿ ಯಾರ ಪ್ರೀತಿ ಹೆಚ್ಚು ಎಂದು ಚಿತಾಗಾರದ ಗುಮಾಸ್ತ ತೂಗಲಾರ. ಅವನಿಗೆ ಬೇಕಾದದ್ದು ಒಂದು ಸಾಲು, ಆ ಸಾಲಿನಲ್ಲಿ ಮೊದಲಿರುವವರ ಸಹಿ.

ನಿಮ್ಮಂತೆಯೇ ಅನೇಕರು ಎಡವುವ ಜಾಗ ಇನ್ನೊಂದಿದೆ. ದೊಡ್ಡಪ್ಪ ನಿಮಗೆ ಮುಖ್ತಿಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಬರೆದುಕೊಟ್ಟಿದ್ದರೆ ಸಾಕು ಎಂದು ತಿಳಿಯಬೇಡಿ. ಬ್ಯಾಂಕು, ಆಸ್ಪತ್ರೆಗಳಿಗೆ ನಡೆದ ಆ ಕಾಗದ ಬರೆದುಕೊಟ್ಟವರ ಉಸಿರು ನಿಂತ ಕ್ಷಣಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಉಯಿಲನ್ನೂ ನೆಚ್ಚಿಕೊಳ್ಳುವಂತಿಲ್ಲ, ಅದನ್ನು ತೆರೆದು ಓದುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಹಕ್ಕುಳ್ಳ ಮಕ್ಕಳು ದೂರದಲ್ಲಿದ್ದರೆ ಅವರಿಂದ ಒಂದು ಮಿಂಚಂಚೆ ಅಥವಾ ಸಹಿ ಮಾಡಿದ ಕಾಗದದ ಚಿತ್ರ ತರಿಸಿಕೊಳ್ಳಬೇಕು. ಅದರಲ್ಲಿ ತೀರಿಕೊಂಡವರ ಪೂರ್ಣ ಹೆಸರು, ತಮ್ಮ ಸಂಬಂಧ, ‘ದಹನಕ್ಕೆ ನನ್ನ ಒಪ್ಪಿಗೆ ಇದೆ, ನನ್ನ ಪರವಾಗಿ ಇಂಥವರು ಸಹಿ ಹಾಕಲಿ’ ಎಂಬ ವಾಕ್ಯ, ಬೂದಿ ಯಾರ ಕೈಗೆ ಎಂಬುದು, ಜೊತೆಗೆ ಗುರುತಿನ ಚೀಟಿಯ ನಕಲು, ಇಷ್ಟಿರಲಿ. ಫೋನಿನಲ್ಲಿ ‘ಆಯ್ತಪ್ಪ, ಮಾಡು’ ಅಂದದ್ದು ಆಮೇಲೆ ಯಾರ ನೆನಪಿನಲ್ಲೂ ಒಂದೇ ಥರ ಉಳಿಯುವುದಿಲ್ಲ. ಒಂದೇ ಸರದಿಯಲ್ಲಿರುವ ಮಕ್ಕಳಲ್ಲಿ ಒಬ್ಬರು ಬೇಡ ಎಂದರೆ ಕೆಲಸ ನಿಲ್ಲಿಸಿ. ದೇಹವನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್‌ನ ಶೀತಾಗಾರದಲ್ಲಿ ಹಲವು ದಿನ ಇಡಬಹುದು. ಆ ದಿನಗಳಲ್ಲಿ ಮಾತುಕತೆಗೆ, ಬೇಕಾದರೆ ನ್ಯಾಯಾಲಯಕ್ಕೂ ಸಮಯವಿರುತ್ತದೆ. ಬಹುಮತ ಇದ್ದರೆ ಸಾಕು ಎನ್ನುವ ಕಾನೂನುಗಳೂ ಇವೆ, ಆದರೆ ಅಲ್ಲಿಯೂ ಆಕ್ಷೇಪ ಕಿವಿಗೆ ಬಿದ್ದ ಮೇಲೆ ಒಳ್ಳೆಯ ಚಿತಾಗಾರ ಕುಲುಮೆ ಹೊತ್ತಿಸುವುದಿಲ್ಲ.

ಎರಡನೆಯದು ಗುರುತು. ಕುಲುಮೆಯ ಶಾಖ ಸಾಮಾನ್ಯವಾಗಿ 760ರಿಂದ 1,000 ಡಿಗ್ರಿ ಸೆಲ್ಸಿಯಸ್. ಒಂದರಿಂದ ಮೂರು ಗಂಟೆ ಬೇಕು. ಆ ಶಾಖದಲ್ಲಿ ಡಿಎನ್ಎ ಉಳಿಯುವುದಿಲ್ಲ. ಉಳಿಯುವುದು ಮೂಳೆಯ ಖನಿಜ, ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಆದ್ದರಿಂದ ‘ಇದು ನಮ್ಮವರ ಬೂದಿಯೇ?’ ಎಂಬ ಅನುಮಾನವನ್ನು ಆಮೇಲೆ ಯಾವ ಪ್ರಯೋಗಾಲಯವೂ ತೀರಿಸದು. ಸಹಿಗೆ ಮುನ್ನ ಮುಖ ನೋಡಿ. ಕಾಲಿಗೋ ಕೈಗೋ ಕಟ್ಟಿದ ಚೀಟಿಯ ಹೆಸರು ಮತ್ತು ಸಂಖ್ಯೆಯನ್ನು ಕಾಗದದ್ದಕ್ಕೆ ತಾಳೆ ಹಾಕಿ. ಹಲವು ಚಿತಾಗಾರಗಳಲ್ಲಿ ಸಂಖ್ಯೆ ಕೊರೆದ ಲೋಹದ ಬಿಲ್ಲೆಯೊಂದು ದೇಹದ ಜೊತೆಗೇ ಕುಲುಮೆಗೆ ಹೋಗಿ ಬೂದಿಯ ಜೊತೆಗೇ ಹೊರಬರುತ್ತದೆ. ಆ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ನೋಡುವ ಧೈರ್ಯ ನಿಮಗಿಲ್ಲದಿದ್ದರೆ ಇನ್ನೊಬ್ಬರನ್ನು ಕಳಿಸಿ, ಆದರೆ ನೋಡದೆ ‘ಗುರುತಿಸಿದ್ದೇನೆ’ ಎಂದು ಬರೆಯಬೇಡಿ. 2002ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಚಿತಾಗಾರದ ಆವರಣದಲ್ಲಿ ಸುಡದೇ ಬಿಟ್ಟಿದ್ದ 334 ದೇಹಗಳು ಸಿಕ್ಕವು. ಕೆಲವು ಕುಟುಂಬಗಳು ಬೂದಿಯೆಂದು ತಂದಿಟ್ಟುಕೊಂಡದ್ದು ಸಿಮೆಂಟಿನ ಪುಡಿಯಾಗಿತ್ತು. ನೀವು ಹುಡುಕಿದರೂ ಅಂಥದ್ದು ಅಪರೂಪ. ಆದರೆ ಶವಾಗಾರದಲ್ಲಿ ಎರಡು ಚೀಟಿ ಅದಲುಬದಲಾಗುವುದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ.

ಸಾವಿನ ಕಾರಣದ ಪ್ರಮಾಣಪತ್ರ ವೈದ್ಯರದು, ನಿಮ್ಮ ಕೈಯಲ್ಲಿಲ್ಲ. ಆದರೆ ಅಪಘಾತ, ಬಿದ್ದು ಆದ ಪೆಟ್ಟು, ವಿಷ, ಇದ್ದಕ್ಕಿದ್ದಂತೆ ಬಂದ ಸಾವು, ಆಸ್ಪತ್ರೆಗೆ ತಲುಪಿದ ಸ್ವಲ್ಪವೇ ಹೊತ್ತಿನಲ್ಲಿ ಆದ ಸಾವು, ಇವುಗಳಲ್ಲಿ ಇಂಥ ಸಾವುಗಳನ್ನು ವಿಚಾರಿಸುವ ಅಧಿಕಾರಿಯ ಅನುಮತಿ ಬಾರದೆ ದಹನ ನಡೆಯಬಾರದು. ಸೊಂಟದ ಮೂಳೆ ಮುರಿದು ಮೂರು ವಾರ ಹಾಸಿಗೆ ಹಿಡಿದು ನ್ಯುಮೋನಿಯಾದಿಂದ ತೀರಿಕೊಂಡರೂ ಮೂಲ ಕಾರಣ ಬಿದ್ದದ್ದೇ, ಹಲವು ಕಡೆ ಅದನ್ನೂ ಸಹಜ ಸಾವೆಂದು ಎಣಿಸುವುದಿಲ್ಲ. ಇದನ್ನು ಮುಚ್ಚಿಟ್ಟರೆ ಕೊನೆಯ ಗಳಿಗೆಯಲ್ಲಿ ಕಾಗದ ತಡೆದು ನಿಲ್ಲುತ್ತದೆ. ಈ ತಡೆ ಕಿರುಕುಳವಲ್ಲ. ಬ್ರಿಟನ್ನಿನ ವೈದ್ಯ ಹೆರಾಲ್ಡ್ ಶಿಪ್‌ಮನ್‌ಗೆ 2000ದಲ್ಲಿ 15 ರೋಗಿಗಳನ್ನು ಕೊಂದದ್ದಕ್ಕೆ ಶಿಕ್ಷೆಯಾಯಿತು. 2002ರ ವಿಚಾರಣಾ ವರದಿ ಆ ಸಂಖ್ಯೆಯನ್ನು 215 ಎಂದಿತು. ಅವರಲ್ಲಿ ಹಲವರ ದಹನದ ಕಾಗದಕ್ಕೆ ಎರಡನೆಯ ವೈದ್ಯರು ಸಹೋದ್ಯೋಗಿಯ ಮೇಲಿನ ನಂಬಿಕೆಯಿಂದಲೇ ಸಹಿ ಹಾಕಿದ್ದರು. ಹೂತ ದೇಹಗಳನ್ನು ತೆಗೆದು, ಕೊಲ್ಲಲು ಬಳಸಿದ ತೀವ್ರ ನೋವುನಿವಾರಕದ ಕುರುಹಾದ ಮಾರ್ಫಿನ್ ಪತ್ತೆಹಚ್ಚಲಾಯಿತು. ಸುಟ್ಟವರ ವಿಷಯದಲ್ಲಿ ಆ ದಾರಿ ಮುಚ್ಚಿಹೋಗಿತ್ತು.

ಇನ್ನು ನಿಮ್ಮ ತಾಯಿಯವರ ಪೇಸ್‌ಮೇಕರ್. ಪತ್ರದಲ್ಲಿ ಅತ್ಯಂತ ಎಚ್ಚರದಿಂದ ತುಂಬಬೇಕಾದ ಜಾಗ ಇದು. ಆ ಸಾಧನ ಗಾಳಿಯಾಡದಂತೆ ಮುಚ್ಚಿದ ಲೋಹದ ಪೆಟ್ಟಿಗೆ, ಒಳಗೆ ಲಿಥಿಯಂ ಬ್ಯಾಟರಿ. ಕುಲುಮೆಯಲ್ಲಿ ಒಳಗಿನ ಅನಿಲ ಉಬ್ಬಿ ಅದು ಸಿಡಿಯುತ್ತದೆ. ಕುಲುಮೆಯ ಶಾಖನಿರೋಧಕ ಇಟ್ಟಿಗೆ ಒಡೆಯಬಹುದು, ಬಾಗಿಲ ಬಳಿ ನಿಂತ ಕೆಲಸಗಾರನಿಗೆ ಪೆಟ್ಟಾಗಬಹುದು. 1976ರಲ್ಲಿ ಇಂಗ್ಲೆಂಡಿನ ಸಾಲಿಹಲ್‌ನಲ್ಲಿ ಇಂಥ ಸ್ಫೋಟ ಮೊದಲ ಬಾರಿಗೆ ದಾಖಲಾಯಿತು. ತೆಗೆಯುವುದು ಕಷ್ಟವಲ್ಲ. ಸಾಮಾನ್ಯವಾಗಿ ಅದು ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲೇ ಇರುತ್ತದೆ. ಶವಾಗಾರದ ತರಬೇತಾದ ಸಿಬ್ಬಂದಿ ಸಣ್ಣ ಗಾಯ ಮಾಡಿ, ತಂತಿ ಕತ್ತರಿಸಿ, ಹೊಲಿದು ಮುಗಿಸಲು ಕೆಲವೇ ನಿಮಿಷ ಸಾಕು. ಆದರೆ ಹೃದಯಕ್ಕೆ ಷಾಕ್ ಕೊಡುವ ಡಿಫಿಬ್ರಿಲೇಟರ್ ಆಗಿದ್ದರೆ ಮೊದಲು ಆಸ್ಪತ್ರೆಯವರಿಂದ ಅದನ್ನು ನಿಷ್ಕ್ರಿಯಗೊಳಿಸಬೇಕು, ಇಲ್ಲವಾದರೆ ತಂತಿ ಕತ್ತರಿಸುವವರಿಗೇ ಷಾಕ್ ಹೊಡೆಯಬಹುದು. ತಂತಿಯಿಲ್ಲದೆ ಹೃದಯದ ಒಳಗೇ ಕೂರುವ ಮಾತ್ರೆಯಷ್ಟು ಗಾತ್ರದ ಹೊಸ ಬಗೆಯೂ ಇದೆ, ಹೊರಗಿನಿಂದ ಮುಟ್ಟಿದರೆ ತಿಳಿಯುವುದಿಲ್ಲ. ಯಾವುದೆಂದು ಹೇಳುವುದು ಸಾಧನದ ಜೊತೆ ಆಸ್ಪತ್ರೆ ಕೊಟ್ಟ ಗುರುತಿನ ಚೀಟಿ. ಅದನ್ನು ಈಗಲೇ ಹುಡುಕಿಡಿ.

ನೋವಿನ ಔಷಧಿ ಅಥವಾ ಇನ್ಸುಲಿನ್ ಹರಿಸುವ ಪಂಪು, ಬೆನ್ನುಹುರಿಗೋ ಮೆದುಳಿಗೋ ಜೋಡಿಸಿದ ಬ್ಯಾಟರಿಯ ಸಾಧನ, ನೀರು ತುಂಬಿ ಹಿಗ್ಗಿಸುವ ಮೂಳೆಯ ಕಡ್ಡಿ, ಇವನ್ನೂ ಬರೆಯಿರಿ. ಕೃತಕ ಮಂಡಿ, ಸೊಂಟದ ಕೀಲು, ತಗಡು, ತಿರುಪು, ಸ್ಟೆಂಟ್‌ಗಳಿಂದ ತೊಂದರೆಯಿಲ್ಲ. ದಹನದ ನಂತರ ಆಯಸ್ಕಾಂತದಿಂದಲೂ ಕೈಯಿಂದಲೂ ಅವನ್ನು ಆರಿಸಿ ತೆಗೆಯುತ್ತಾರೆ. ಆ ಲೋಹ ಏನಾಗಬೇಕೆಂದು ಪತ್ರದಲ್ಲಿ ಒಂದು ಸಾಲಿರುತ್ತದೆ, ಕರಗಿಸಿ ಮರುಬಳಕೆಗೆ ಕೊಡುವುದು ವಾಡಿಕೆ.

ಕ್ಯಾನ್ಸರಿಗೆ ವಿಕಿರಣ ಔಷಧ ಪಡೆದವರಾದರೆ ಕೊನೆಯ ದಿನಾಂಕ ಹೇಳಲೇಬೇಕು. ಹೊರಗಿನಿಂದ ಯಂತ್ರದಲ್ಲಿ ಕೊಟ್ಟ ವಿಕಿರಣ ದೇಹದಲ್ಲಿ ಉಳಿಯುವುದಿಲ್ಲ. ಉಳಿಯುವುದು ಒಳಗೆ ಸೇರಿಸಿದ್ದು. ಆ ವಿಕಿರಣ ಅರ್ಧಕ್ಕಿಳಿಯಲು ಹಿಡಿಯುವ ಕಾಲವೇ ಅರ್ಧಾಯು. ಇಂಥ ಔಷಧಗಳಲ್ಲಿ ಅಯೋಡಿನ್-131ರ ಅರ್ಧಾಯು 8 ದಿನ, ಲ್ಯುಟೀಶಿಯಂ-177ರದು ಸುಮಾರು 6.6 ದಿನ, ಪ್ರಾಸ್ಟೇಟ್‌ನಲ್ಲಿ ಇಡುವ ಅಯೋಡಿನ್-125 ಕಾಳುಗಳದು ಸುಮಾರು 60 ದಿನ. ಹತ್ತು ಅರ್ಧಾಯು ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಅಮೆರಿಕದ ಅರಿಜೋನಾದಲ್ಲಿ ಲ್ಯುಟೀಶಿಯಂ ಪಡೆದು ಕೆಲವೇ ದಿನಗಳಲ್ಲಿ ತೀರಿಕೊಂಡ ರೋಗಿಯ ದಹನವಾದ ಮೇಲೆ ಕುಲುಮೆ, ಬೂದಿ ಪುಡಿಮಾಡುವ ಯಂತ್ರಗಳಲ್ಲಿ ವಿಕಿರಣ ಪತ್ತೆಯಾದದ್ದು 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಪಾಯ ಮನೆಯವರಿಗಿಂತ ಆ ದೂಳಿನಲ್ಲಿ ದಿನವೂ ಕೆಲಸ ಮಾಡುವವರಿಗೆ. ಪತ್ರದ ಆ ಪ್ರಶ್ನೆಗೆ ‘ಇಲ್ಲ’ ಎಂದು ಗೀಚುವ ಮೊದಲು ಆ ಮನುಷ್ಯರನ್ನು ನೆನೆಯಿರಿ.

ಒಡವೆ, ಕನ್ನಡಕ, ಫೋನು, ಮುಚ್ಚಳ ಬಿಗಿದ ಬಾಟಲಿ ಜೊತೆಗೆ ಹೋಗಬಾರದು. ಚಿನ್ನ ಕರಗಿ ಚದುರುತ್ತದೆ, ತಿರುಗಿ ಸಿಗುವುದಿಲ್ಲ. ಕಳಚಿದ ಒಡವೆಗೆ ಪಟ್ಟಿ ಬರೆಸಿ ಸಹಿ ಪಡೆಯಿರಿ.

ಬೂದಿಯ ವಿಷಯದಲ್ಲಿ ಪತ್ರ ಎರಡು ಮಾತು ಹೇಳುತ್ತದೆ, ಓದಿದವರು ಬೆಚ್ಚುವುದುಂಟು. ಮೂಳೆಯ ತುಣುಕುಗಳನ್ನು ಯಂತ್ರದಲ್ಲಿ ಪುಡಿ ಮಾಡುತ್ತೇವೆ ಎಂಬುದು ಒಂದು. ಎಷ್ಟು ಗುಡಿಸಿದರೂ ಅತ್ಯಲ್ಪ ಪಾಲು ಇಟ್ಟಿಗೆಯ ಸಂದಿಯಲ್ಲಿ ಉಳಿಯುತ್ತದೆ ಎಂಬುದು ಇನ್ನೊಂದು. ಎರಡೂ ನಿಜ, ಎರಡನೆಯದನ್ನಂತೂ ತಪ್ಪಿಸಲಾಗದು. ವಯಸ್ಕರೊಬ್ಬರ ಬೂದಿ ಸಾಮಾನ್ಯವಾಗಿ 2ರಿಂದ 3 ಕಿಲೋ ಇರುತ್ತದೆ. ದಪ್ಪಗಿದ್ದವರಿಗೆ ಹೆಚ್ಚು ಎಂದಲ್ಲ, ಅದು ಎತ್ತರ ಮತ್ತು ಎಲುಬಿನ ಗಟ್ಟಿತನದ ಲೆಕ್ಕ. ಮೂರು ಲೀಟರಿನ ಡಬ್ಬಿ ಬಹುತೇಕ ಸಾಕು. ಪುಟ್ಟ ಕಂದನದಾದರೆ ಹಿಡಿಯಷ್ಟೂ ಸಿಗದಿರಬಹುದು. ಅದನ್ನು ಮೊದಲೇ ಹೇಳಿಸಿಕೊಳ್ಳುವುದು ತಾಯ್ತಂದೆಯರಿಗೆ ಒಳ್ಳೆಯದು.

ತಾಯಿಯವರು ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಅವರ ಕೈಯಿಂದಲೇ ಬರೆಸಿಡಿ: ದಹನವೇ ಬೇಕೆ, ಯಾರು ಸಹಿ ಹಾಕಬೇಕು, ಅವರಿಲ್ಲದಿದ್ದರೆ ಯಾರು, ಬೂದಿ ಯಾರಿಗೆ. ದಿನಾಂಕ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಇದು ನಿಮ್ಮ ಊರಿನ ಕಾನೂನಿನಲ್ಲಿ ಎಷ್ಟು ನಡೆಯುತ್ತದೆಂದು ವಕೀಲರನ್ನು ಕೇಳಿ. ಪೇಸ್‌ಮೇಕರ್ ಚೀಟಿಯನ್ನು ಆ ಹಾಳೆಗೇ ಪಿನ್ ಮಾಡಿ. ಬೀರುವಿನ ಲಾಕರಿನೊಳಗೆ ಮಾತ್ರ ಇಡಬೇಡಿ, ಬೇಕಾದ ಹೊತ್ತಿಗೆ ಬೀಗದ ಕೈ ಸಿಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಸದುದ್ದೇಶದಿಂದಲೇ ಸಹಿ ಹಾಕಿದಿರಿ. ಆದರೆ ಇಂಥ ಪತ್ರಗಳಲ್ಲಿ ‘ನನಗೆ ಸಮಾನ ಅಥವಾ ಹೆಚ್ಚಿನ ಹಕ್ಕುಳ್ಳವರನ್ನು ಸಂಪರ್ಕಿಸಲು ಯತ್ನಿಸಿದ್ದೇನೆ’ ಎಂಬ ಸಾಲು ಇರುವುದು ರೂಢಿ. ನಿಮ್ಮ ಪ್ರತಿಯಲ್ಲೂ ಇದ್ದರೆ, ಅಕ್ಕನಿಗೆ ಕರೆಯನ್ನೂ ಮಾಡದೆ ಅದಕ್ಕೆ ಸಹಿ ಬಿದ್ದಿದ್ದರೆ, ಅದು ತಪ್ಪೇ. ಚಿತಾಗಾರದಿಂದ ಒಪ್ಪಿಗೆ ಪತ್ರದ ನಕಲು ಪಡೆಯಿರಿ, ಅಣ್ಣಂದಿರು ಏನಾದರೂ ಬರೆದಿದ್ದರೆ ಅದನ್ನೂ ತೆಗೆದಿಡಿ. ಬೂದಿಯನ್ನು ವಿಸರ್ಜಿಸಬೇಡಿ, ಹಂಚಬೇಡಿ, ಡಬ್ಬಿ ಬದಲಿಸಬೇಡಿ. ಆ ತೀರ್ಮಾನ ಇನ್ನೂ ಬಾಕಿ ಇದೆ, ಅದು ಮೂವರು ಮಕ್ಕಳದು. ಅಕ್ಕನಿಗೆ ಫೋನು ಬೇಡ, ಕಾಗದ ಬರೆಯಿರಿ: ಏನಾಯಿತು, ಯಾವ ದಿನ, ಯಾರು ಇದ್ದರು, ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ, ಅಪ್ಪನ ಬೂದಿ ನನ್ನಲ್ಲಿ ಹಾಗೇ ಇದೆ, ನೀವು ಮೂವರು ಹೇಳುವವರೆಗೆ ಇರುತ್ತದೆ. ಒಪ್ಪಿಗೆ ಪತ್ರದ ನಕಲನ್ನೂ ಡಬ್ಬಿಯ ಮೇಲಿನ ಸಂಖ್ಯೆಯ ಚಿತ್ರವನ್ನೂ ಜೊತೆಗಿಡಿ.