ಅಮೆರಿಕದ ಬೇಸ್‌ಬಾಲ್ ದಿಗ್ಗಜ ಬೇಬ್ ರೂತ್ ಅವರ ಅಂಚೆಚೀಟಿ ಅಗ್ಗ, ಆದರೆ ಹಳೆಯ ಬೇಸ್‌ಬಾಲ್ ಅಂಚೆ ಲಕೋಟೆಗಳಿಗೆ ಯಾಕೆ ಅಷ್ಟು ಬೆಲೆ?

ಬೆಲೆ ಇರುವುದು ಚೀಟಿಗಲ್ಲ, ಅದರ ಮೇಲೆ ಬಿದ್ದ ಅಂಚೆ ಕಚೇರಿಯ ಮುದ್ರೆಗೆ ಮತ್ತು ಲಕೋಟೆಯ ಮೇಲಿನ ಸಹಿಗೆ. ಚೀಟಿ ಕೋಟಿಗಟ್ಟಲೆ ಅಚ್ಚಾಗುತ್ತದೆ. ಮುದ್ರೆ ಮಾತ್ರ ಒಂದು ಊರು, ಒಂದು ದಿನಕ್ಕೆ ಸೇರಿದ್ದು. ಚೀಟಿ ಬಿಡುಗಡೆಯಾದ ದಿನದ ಮುದ್ರೆ ಹೊತ್ತ ಇಂಥ ಲಕೋಟೆಯನ್ನು 'ಮೊದಲ ದಿನದ ಲಕೋಟೆ' ಅನ್ನುತ್ತಾರೆ.

1939ರ ಜೂನ್ 12ನ್ನೇ ನೋಡಿ. ಅಮೆರಿಕದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಲ್ಲಿ ಅಂದು ಶ್ರೇಷ್ಠ ಆಟಗಾರರನ್ನು ಗೌರವಿಸುವ ಮ್ಯೂಸಿಯಂ ಆದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಉದ್ಘಾಟನೆಯಾಯಿತು. ಅದೇ ದಿನ, ಅದೇ ಊರಲ್ಲಿ 3 ಸೆಂಟಿನ ಬೇಸ್‌ಬಾಲ್ ಚೀಟಿಯೂ ಹೊರಬಂತು. ಬೇಬ್ ರೂತ್ ಅಲ್ಲಿಗೆ ಬಂದಿದ್ದರು. ಹಾಗಾಗಿ ಆ ಚೀಟಿಯ ಮೊದಲ ದಿನದ ಲಕೋಟೆಯ ಮೇಲೆ ಅವರ ನಿಜವಾದ ಸಹಿ ಇರಲು ಸಾಧ್ಯ. ಅಂಥದ್ದು ಸಿಕ್ಕರೆ ಸಂಗ್ರಹಕಾರರಿಗೆ ಹಬ್ಬವೇ ಸರಿ!

ರೂತ್ ಅವರದೇ ಚಿತ್ರದ ಚೀಟಿ ಬಂದದ್ದು 1983ರಲ್ಲಿ, ಷಿಕಾಗೋದಲ್ಲಿ. ಅವರು ತೀರಿಕೊಂಡದ್ದು 1948ರಲ್ಲೇ. ಆ ಕಾಲದಲ್ಲಿ ಬದುಕಿರುವವರ ನೆನಪಿಗೆ ಅಮೆರಿಕ ಚೀಟಿ ತರುತ್ತಿರಲಿಲ್ಲ. ಇನ್ನೊಬ್ಬ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್ ಕಥೆಯೂ ಹಾಗೇ: ನಿಧನ 1972, ಚೀಟಿ 1982. ಅಂದರೆ ಇವರ ಚೀಟಿಯ ಮೊದಲ ದಿನದ ಲಕೋಟೆಗೆ ಇವರೇ ಸಹಿ ಹಾಕಿದ್ದಾರೆ ಎಂದು ಯಾರಾದರೂ ಮಾರಲು ಬಂದರೆ ನಂಬಲೇಬೇಡಿ.

ಸಹಿಯಿಲ್ಲದ ಎಂಬತ್ತರ ದಶಕದ ಲಕೋಟೆಗಳು ಈಗಲೂ ಕಡಿಮೆ ಬೆಲೆಗೆ ಸಿಗುತ್ತವೆ. ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಕೊಳ್ಳುವಾಗ ಮುದ್ರೆಯ ಊರು, ತಾರೀಕು ಸ್ಪಷ್ಟವಾಗಿ ಓದಲು ಬರುತ್ತದೆಯಾ ಅಂತ ಮೊದಲು ನೋಡಿ. ಲಕೋಟೆಯ ಎಡಗಡೆಯ ಚೆಂದದ ಚಿತ್ರ ಆಮೇಲೆ.