ಅಪ್ಪನ ಫಿಯೆಟ್‌ಗೆ ಬರೀ 40 ಸಾವಿರವೇ?

ಕಳೆದ ಸಂಚಿಕೆಯಲ್ಲಿ ಮೋಟಾರು ವಿಮೆ ಬಗ್ಗೆ ಬರೆದ ಮೇಲೆ ಹಳೇ ಕಾರು ಇಟ್ಟುಕೊಂಡವರಿಂದಲೇ ಜಾಸ್ತಿ ಪತ್ರಗಳು ಬಂದಿವೆ. ನನಗೆ ಸಂತೋಷವಾಯಿತು. ಮೈಸೂರಿನಲ್ಲಿ 31 ವರ್ಷ ವಿಮೆ ಸರ್ವೇಯರ್ ಆಗಿ ಜಜ್ಜಿಹೋದ ಗಾಡಿಗಳನ್ನು ನೋಡುವುದೇ ನನ್ನ ಕೆಲಸವಾಗಿತ್ತು. ಮನೆಯಲ್ಲಿ 1969ರ ಅಂಬಾಸಿಡರ್ ಮಾರ್ಕ್ 2 ಇದೆ. ಹಾಗಾಗಿ ಈ ಬಾರಿ ಪೂರ್ತಿ ಹಳೇ ಕಾರುಗಳಿಗೇ ಮೀಸಲು.

ಪ್ರಶ್ನೆ: ನಮ್ಮ ತಂದೆ 1967ರಲ್ಲಿ ಕೊಂಡ ಫಿಯೆಟ್ 1100 ಡಿಲೈಟ್ ಈಗ ನನ್ನ ಹತ್ತಿರ ಇದೆ. ಎರಡು ವರ್ಷದಲ್ಲಿ ಟಿಂಕರಿಂಗ್, ಪೇಂಟಿಂಗ್, ಎಂಜಿನ್, ಸೀಟು ಎಲ್ಲ ಸೇರಿ 5 ಲಕ್ಷ 80 ಸಾವಿರ ಖರ್ಚು ಮಾಡಿದ್ದೇನೆ. ಏಜೆಂಟ್ ಹೇಳುವುದು ಹೀಗೆ: ಫುಲ್ ಇನ್ಶೂರೆನ್ಸ್ ಮಾಡಿಸಿದರೂ ಕಾರಿನ ಬೆಲೆ 40 ಸಾವಿರ ಅಂತಲೇ ಹಾಕುವುದು, ಸುಮ್ನೆ ಥರ್ಡ್ ಪಾರ್ಟಿ ಮಾಡಿಸಿ ಸಾಕು. ಇದು ಸರಿಯೇ?
(ಓದುಗರು, ಶಿವಮೊಗ್ಗ)

ಉತ್ತರ: ಅರ್ಧ ಸರಿ ಸರ್. ಬೆಲೆ 40 ಸಾವಿರ ಅಂತಲೇ ಹಾಕುವುದಾದರೆ ಅದಕ್ಕಿಂತ ಥರ್ಡ್ ಪಾರ್ಟಿಯೇ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಯನ್ನು ಮಾತ್ರ ತುಂಬುವ ಪಾಲಿಸಿಯೇ ವಾಸಿ. ಆದರೆ 40 ಸಾವಿರವೇ ಹಾಕಬೇಕು ಅಂತ ಎಲ್ಲೂ ಇಲ್ಲ.

ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಅಂಕಿ ಇರುತ್ತದೆ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ (ಅದೇ ಟೋಟಲ್ ಲಾಸ್) ಕಂಪನಿ ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಹೊಸ ಕಾರಿಗೆ ಅದನ್ನು ಲೆಕ್ಕ ಹಾಕಲು ಪಟ್ಟಿ ಇದೆ. ಆರು ತಿಂಗಳೊಳಗಿನ ಕಾರಿಗೆ ಶೇ. 5 ಕಡಿತ, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 50. ಪಟ್ಟಿ ಅಲ್ಲಿಗೆ ನಿಂತುಹೋಗುತ್ತದೆ. ಐದು ವರ್ಷ ದಾಟಿದ ಕಾರಿಗೆ, ತಯಾರಿಕೆ ನಿಂತ ಮಾಡೆಲ್‌ಗೆ, ಕಂಪನಿ ಮತ್ತು ಮಾಲೀಕ ಮಾತಾಡಿ ಒಪ್ಪಿಕೊಂಡ ಬೆಲೆಯೇ ಐಡಿವಿ. ಹಾಗೆ ಒಪ್ಪಿದ ಬೆಲೆಯನ್ನು ಪಾಲಿಸಿ ಮುಗಿಯುವ ತನಕ ಮಾರುಕಟ್ಟೆ ಬೆಲೆ ಎಂದೇ ಹಿಡಿಯಬೇಕು ಅಂತ ಪಾಲಿಸಿ ಕಾಗದದಲ್ಲೇ ಬರೆದಿದೆ. ಟೋಟಲ್ ಲಾಸ್ ಆದ ದಿನ 'ಹಳೇ ಕಾರು' ಅಂತ ಹೇಳಿ ಅದರಲ್ಲಿ ಮತ್ತೆ ಸವಕಳಿ ಕಳೆಯುವ ಹಾಗಿಲ್ಲ.

ಐಡಿವಿ ಕಡಿಮೆ ಇದ್ದರೆ ಕಳುವಾದಾಗ ಮಾತ್ರ ನಷ್ಟ ಅಂತ ತುಂಬಾ ಜನ ತಿಳಿದಿದ್ದಾರೆ. ನಿಜವಾದ ಅಪಾಯ ಬೇರೆ ಕಡೆ ಇದೆ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಂಪನಿ ಆ ಕಾರನ್ನು ಟೋಟಲ್ ಲಾಸ್ ಲೆಕ್ಕಕ್ಕೆ ಹಾಕುತ್ತದೆ. 40 ಸಾವಿರದ ಮುಕ್ಕಾಲು ಅಂದರೆ 30 ಸಾವಿರ. ಇವತ್ತು ಒಂದು ಮಡ್‌ಗಾರ್ಡ್ ಎತ್ತಿ ಬಡಿದು, ಆ ಕಡೆ ಪೂರ್ತಿ ಪೇಂಟ್ ಹೊಡೆಸಿದರೆ 30 ಸಾವಿರ ಎಲ್ಲಿ ಸಾಕಾಗುತ್ತದೆ ಹೇಳಿ? ಎಂಜಿನ್ ಸರಿಯಾಗಿದೆ, ಚಾಸಿ ಸರಿಯಾಗಿದೆ, ಕಾರು ತಾನೇ ಓಡಿಕೊಂಡು ಗ್ಯಾರೇಜಿಗೆ ಬರುತ್ತದೆ. ಆದರೂ ಕಾಗದದಲ್ಲಿ ಅದು ಸತ್ತ ಕಾರು.

ಇದು ನನಗೇ ಆಗಿದೆ. 2011ರ ಡಿಸೆಂಬರಿನಲ್ಲಿ ಪಾಂಡವಪುರದ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದಕ್ಕೆ ಬಂದು ನಮ್ಮ ಅಂಬಾಸಿಡರ್‌ನ ಡಿಕ್ಕಿ, ಬಂಪರ್, ಎಡಗಡೆ ಹಿಂದಿನ ಮಡ್‌ಗಾರ್ಡ್ ಮುರಿಯಿತು. ಗ್ಯಾರೇಜಿನವರು 62 ಸಾವಿರದ ಎಸ್ಟಿಮೇಟ್ ಕೊಟ್ಟರು. ಪಾಲಿಸಿ ತೆಗೆದು ನೋಡಿದರೆ ಐಡಿವಿ 28 ಸಾವಿರ. ಪ್ರತಿ ವರ್ಷ ರಿನ್ಯೂವಲ್ ಮಾಡುವಾಗ ಕಂಪ್ಯೂಟರ್ ಅದನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದಿತ್ತು. ಊರಿನವರ ಪಾಲಿಸಿಯನ್ನೆಲ್ಲ ಸಾಲು ಸಾಲು ಓದುತ್ತಿದ್ದ ನಾನು ನನ್ನದನ್ನು ಎಂಟು ವರ್ಷ ಓದಿರಲಿಲ್ಲ. ಕಾರು ನಾನೇ ಉಳಿಸಿಕೊಳ್ಳುತ್ತೇನೆ ಅಂದದ್ದಕ್ಕೆ ಸಾಲ್ವೇಜ್ ಬೆಲೆ, ಅಂದರೆ ಹಾಳಾದ ಕಾರನ್ನು ಹಾಗೇ ಮಾರಿದರೆ ಬರುವ ಹಣ, ಕಳೆದರು. ಕೈಗೆ ಬಂದದ್ದು 15 ಸಾವಿರ. ಮಿಕ್ಕಿದ್ದು ಜೇಬಿನಿಂದ ಹಾಕಿದೆ. ದುಡ್ಡಿಗಿಂತ ಹೆಚ್ಚಾಗಿ, ನಮ್ಮಪ್ಪ ಪ್ರತಿ ಭಾನುವಾರ ತೊಳೆಯುತ್ತಿದ್ದ ಗಾಡಿಯ ಫೈಲಿನ ಮೇಲೆ 'ಟೋಟಲ್ ಲಾಸ್' ಅಂತ ಬರೆದದ್ದನ್ನು ನೋಡಿ ಸಂಕಟವಾಯಿತು. ನಿಮಗೆ ಹಾಗಾಗುವುದು ಬೇಡ.

ಈಗ ಮಾಡಬೇಕಾದ ಕೆಲಸ. ಆನ್‌ಲೈನ್‌ನಲ್ಲಿ ಪ್ರಯತ್ನಿಸಬೇಡಿ. 1967ರ ಮಾಡೆಲ್ ಅಲ್ಲಿ ಸಿಗುವುದು ಕಷ್ಟ, ಸಿಕ್ಕರೂ ಅದು ಹೇಳಿದ ಬೆಲೆಗೇ ಒಪ್ಪಬೇಕು. ಪಾಲಿಸಿ ಮುಗಿಯಲು ಒಂದು ತಿಂಗಳು ಇರುವಾಗಲೇ ಕಂಪನಿಯ ಬ್ರ್ಯಾಂಚಿಗೆ ಹೋಗಿ, ಮ್ಯಾನೇಜರ್ ಹತ್ತಿರ ಕೂತು ಮಾತಾಡಿ. ಕೈಯಲ್ಲಿ ಫೈಲ್ ಇರಲಿ. ಕೆಲಸಕ್ಕೆ ಮುಂಚಿನ ಫೋಟೋ, ತಗಡು ಬಿಚ್ಚಿ ವೆಲ್ಡಿಂಗ್ ಮಾಡುವಾಗಿನ ಫೋಟೋ, ಈಗಿನ ಫೋಟೋ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಪ್ರಿಂಟ್. ಗ್ಯಾರೇಜಿನ ಬಿಲ್ಲುಗಳು. ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿ ತಂದ ಸಾಮಾನಿಗೆ ಬಿಲ್ ಇರುವುದಿಲ್ಲ, ಗೊತ್ತು. ಅದಕ್ಕೆ ತಾರೀಖು, ಸಾಮಾನು, ಕೊಟ್ಟ ಹಣ ಬರೆದ ಒಂದು ನೋಟ್‌ಬುಕ್ಕಾದರೂ ಇರಲಿ. ಇವೆಲ್ಲಕ್ಕಿಂತ ತೂಕದ್ದು ಲೈಸೆನ್ಸ್ ಇರುವ ಸರ್ವೇಯರ್ ಕೊಡುವ ವ್ಯಾಲ್ಯುಯೇಷನ್ ರಿಪೋರ್ಟ್. ಫೀ ಕೊಟ್ಟು ಮಾಡಿಸಿ. ಆ ದುಡ್ಡು ದಂಡವಲ್ಲ.

ಒಂದು ಎಚ್ಚರಿಕೆ. ಖರ್ಚು ಮಾಡಿದ್ದೆಲ್ಲ ಬೆಲೆಯಾಗುವುದಿಲ್ಲ. 5 ಲಕ್ಷ 80 ಸಾವಿರ ಹಾಕಿದ್ದೀರಿ ಅಂದ ಮಾತ್ರಕ್ಕೆ ಅಷ್ಟಕ್ಕೇ ಕೊಳ್ಳುವವರು ಇದ್ದಾರೆ ಅಂತ ಅರ್ಥವಲ್ಲ. ಅದೇ ಮಾಡೆಲ್, ಅದೇ ಸ್ಥಿತಿಯ ಕಾರು ಎಷ್ಟಕ್ಕೆ ಕೈ ಬದಲಾಗುತ್ತಿದೆ ಅನ್ನುವುದನ್ನು ಹಳೇ ಕಾರಿನ ಕ್ಲಬ್ಬಿನವರನ್ನು ಕೇಳಿ ನೋಡಿ. ಅದಕ್ಕೆ ಹತ್ತಿರದ ಅಂಕಿ ಕೇಳಿದರೆ ಮ್ಯಾನೇಜರ್ ಒಪ್ಪುವ ಸಾಧ್ಯತೆ ಹೆಚ್ಚು. ಒಬ್ಬರು ಒಪ್ಪದಿದ್ದರೆ ಇನ್ನೊಂದು ಕಂಪನಿ. ಒಪ್ಪಿದ್ದು ಬಾಯಿಮಾತಲ್ಲಿ ಬೇಡ, ಪಾಲಿಸಿಯಲ್ಲಿ ಅಚ್ಚಾಗಲಿ.

ಕಂತಿನ ಅಂದಾಜೂ ಹೇಳಿಬಿಡುತ್ತೇನೆ. ಎಲ್ಲ ಕಂಪನಿಗಳಿಗೂ ಒಂದೇ ಆಗಿದ್ದ ಹಳೆಯ ದರಪಟ್ಟಿಯಲ್ಲಿ (ಟ್ಯಾರಿಫ್) ನಿಮ್ಮಂಥ ಕಾರಿಗೆ ನೂರಕ್ಕೆ ಸುಮಾರು ಮೂರೂವರೆ ರೂಪಾಯಿ. 4 ಲಕ್ಷದ ಐಡಿವಿಗೆ 14 ಸಾವಿರದ ಆಸುಪಾಸು. 2007ರ ಜನವರಿಯಿಂದ ಆ ದರದ ಕಟ್ಟು ಹೋಗಿದೆ, ಈಗ ಕಂಪನಿಗಳೇ ದರ ಇಡುತ್ತವೆ. ಚೌಕಾಸಿಗೆ ಜಾಗ ಇದೆ. ಥರ್ಡ್ ಪಾರ್ಟಿ ದರ ಮಾತ್ರ ಸರ್ಕಾರದ್ದು. 2022ರ ಜೂನ್‌ನಿಂದ ಬಂದ ದರದಲ್ಲಿ 1000ದಿಂದ 1500 ಸಿಸಿ ಕಾರಿಗೆ 3,416 ರೂಪಾಯಿ. ನಿಮ್ಮದು 1089 ಸಿಸಿ, ಇದರೊಳಗೇ ಬರುತ್ತದೆ. ವಿಂಟೇಜ್ ಅಂತ ನೋಂದಣಿಯಾದ ಕಾರಿಗೆ ಇದರ ಅರ್ಧ. ಮೇಲೆ ಜಿಎಸ್‌ಟಿ ಶೇ. 18.

ಇನ್ನು ಸಣ್ಣ ಅಪಘಾತದ ಮಾತು. ಹತ್ತು ವರ್ಷ ದಾಟಿದ ಕಾರಿಗೆ ಹೊಸ ಸಾಮಾನು ಹಾಕಿದರೆ ಲೋಹದ ಭಾಗಕ್ಕೆ ಅರ್ಧ ಹಣವೇ ಕೊಡುವುದು. ರಬ್ಬರ್, ಪ್ಲಾಸ್ಟಿಕ್, ಟೈರಿಗೂ ಅರ್ಧ. ಗಾಜಿಗೆ ಕಡಿತವೇ ಇಲ್ಲ. ಇದನ್ನು ಕೇಳಿ ಜನ ಬೇಸರಪಟ್ಟು ಫುಲ್ ಇನ್ಶೂರೆನ್ಸೇ ಬೇಡ ಅನ್ನುತ್ತಾರೆ. ತಾಳಿ. ಹಳೇ ಕಾರಿನ ಬಿಲ್ಲಿನಲ್ಲಿ ದೊಡ್ಡ ಪಾಲು ಸಾಮಾನಿನದಲ್ಲ, ಕೂಲಿಯದು. ಹೊಸ ಕಾರಿಗೆ ಮಡ್‌ಗಾರ್ಡ್ ತಂದು ಬೋಲ್ಟ್ ಹಾಕುತ್ತಾರೆ. ನಿಮ್ಮ ಫಿಯೆಟ್‌ನ ಮಡ್‌ಗಾರ್ಡನ್ನು ಮೇಸ್ತ್ರಿ ನಾಲ್ಕು ದಿನ ಕೂತು ಸುತ್ತಿಗೆಯಲ್ಲಿ ಬಡಿದು ಸರಿ ಮಾಡುತ್ತಾನೆ. ಆ ಕೂಲಿಗೆ ಸವಕಳಿ ಇಲ್ಲ. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಅಂತ ಹಿಡಿದು ಅದರಲ್ಲಿ ಅರ್ಧ ಮಾತ್ರ ಕಳೆಯುತ್ತಾರೆ. 80 ಸಾವಿರದ ಪೇಂಟಿಂಗ್ ಆದರೆ 10 ಸಾವಿರ ಹೋಗಿ 70 ಸಾವಿರ ನಿಲ್ಲುತ್ತದೆ. ಬಿಲ್ಲಿನಲ್ಲಿ ಕೂಲಿ ಬೇರೆ, ಸಾಮಾನು ಬೇರೆ ಬರೆಸುವುದನ್ನು ಮರೆಯಬೇಡಿ. ಒಟ್ಟಾಗಿ ಬರೆದ ಬಿಲ್ ಸರ್ವೇಯರ್ ಕೈಗೆ ಬಂದರೆ ನಷ್ಟ ನಿಮಗೇ. ಸರ್ವೇಯರ್ ನೋಡುವ ತನಕ ಕೆಲಸ ಶುರು ಮಾಡಿಸಬೇಡಿ, ಬಿಚ್ಚಿದ ಹಳೇ ಭಾಗವನ್ನು ಎಸೆಯಲೂ ಬೇಡಿ.

'ಅಗ್ರೀಡ್ ವ್ಯಾಲ್ಯೂ' ಅಂತ ಪ್ರತ್ಯೇಕ ಷರತ್ತು ಇದೆಯಂತಲ್ಲ ಅಂತ ಯಾರಾದರೂ ಹೇಳಬಹುದು. 2002ರ ಟ್ಯಾರಿಫ್‌ನಲ್ಲಿ ಅದು ಇದೆ, ಆದರೆ ವಿಂಟೇಜ್ ಕಾರಿಗೆ. ಅಲ್ಲಿ ವಿಂಟೇಜ್ ಅಂದರೆ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾದದ್ದು, ಕ್ಲಬ್ಬಿನ ಪ್ರಮಾಣಪತ್ರ ಇರುವಂಥದ್ದು (ನೋಂದಣಿ ನಿಯಮದ ವಿಂಟೇಜ್ ಬೇರೆ, ಅದನ್ನು ಮುಂದೆ ಹೇಳುತ್ತೇನೆ). ನಿಮ್ಮ 67ರ ಫಿಯೆಟ್ ಕ್ಲಾಸಿಕ್ ಸಾಲಿಗೆ ಬರುತ್ತದೆ. ನಿಮಗೆ ಐಡಿವಿ ಒಪ್ಪಂದದ ದಾರಿಯೇ ಸರಿ.

ಪ್ರಶ್ನೆ: ನಮ್ಮ ಯಜಮಾನರ ಸ್ಟ್ಯಾಂಡರ್ಡ್ ಹೆರಾಲ್ಡ್ ಶೆಡ್ಡಿನಲ್ಲಿದೆ. ಅವರು ತೀರಿಕೊಂಡು ಎರಡು ತಿಂಗಳಾಯಿತು. ನನಗೆ ಡ್ರೈವಿಂಗ್ ಬರುವುದಿಲ್ಲ. ಮಗ ಬೆಂಗಳೂರಿನಿಂದ ಬಂದಾಗ ವರ್ಷಕ್ಕೆ ನಾಲ್ಕೈದು ಸಲ ತೆಗೆಯುತ್ತಾನೆ. ಮಾರಲು ಮನಸ್ಸಿಲ್ಲ. ಯಾವ ವಿಮೆ ಸಾಕು?
(ಓದುಗರು, ಉಡುಪಿ)

ಉತ್ತರ: ಅಮ್ಮಾ, ವಿಮೆಗಿಂತ ಮೊದಲು ಆರ್‌ಸಿ. ಮಾಲೀಕರು ತೀರಿಕೊಂಡ ಮೇಲೆ ಅವರ ಹೆಸರಿನ ಪಾಲಿಸಿ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ. ನಿಮಗೆ ಉಳಿದಿರುವುದು ಹೆಚ್ಚೆಂದರೆ ಒಂದು ತಿಂಗಳು. ಈ ವಾರವೇ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಆರ್‌ಸಿ ಹಿಡಿದು ಆರ್‌ಟಿಒ ಕಚೇರಿಯಲ್ಲಿ ಫಾರಂ 31 ಕೊಡಿಸಿ. ಮಗನ ಹೆಸರಿಗೆ ಮಾಡಿಸುವುದಾದರೆ ಉಳಿದವರ ಒಪ್ಪಿಗೆಯೂ ಬೇಕಾಗುತ್ತದೆ. ಆರ್‌ಸಿ ಅವಧಿ ಮುಗಿದಿದೆಯೇ ಅಂತ ಜೊತೆಯಲ್ಲೇ ನೋಡಿ. ಹಳೇ ಕಾರಿಗೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು.

ವಿಮೆಯಲ್ಲಿ ನಿಮಗೆ ಹೊಂದುವುದು ಥರ್ಡ್ ಪಾರ್ಟಿ ಜೊತೆಗೆ ಬೆಂಕಿ ಮತ್ತು ಕಳವಿನ ರಕ್ಷಣೆ. ಇಂಥದ್ದೊಂದು ಪಾಲಿಸಿ ಇದೆ ಅಂತ ಏಜೆಂಟರು ಹೇಳುವುದು ಕಡಿಮೆ, ನೀವೇ ಕೇಳಬೇಕು. ಶೆಡ್ಡಿನಲ್ಲಿ ನಿಂತ ಕಾರಿಗೆ ಬರುವ ದೊಡ್ಡ ಆಪತ್ತು ಅವೆರಡೇ. ಹಳೇ ವೈರಿಂಗ್‌ನ ಹೊದಿಕೆ ಒಣಗಿ ಪುಡಿಯಾಗಿರುತ್ತದೆ, ಒಂದು ಕಿಡಿ ಸಾಕು. ಬ್ಯಾಟರಿಗೆ ಕಟ್-ಆಫ್ ಸ್ವಿಚ್ ಹಾಕಿಸಿ ಅಂತ ಮಗನಿಗೆ ಹೇಳಿ, ಇಲ್ಲವೇ ಹೋಗುವಾಗ ವೈರ್ ಬಿಚ್ಚಿಟ್ಟು ಹೋಗಲಿ. ಉಪ್ಪುಗಾಳಿಗೆ ಹಿಡಿಯುವ ತುಕ್ಕನ್ನು ಯಾವ ಪಾಲಿಸಿಯೂ ತುಂಬಿಕೊಡುವುದಿಲ್ಲ. ಇದರಲ್ಲಿಯೂ ಐಡಿವಿ ಸರಿಯಾಗಿ ಹಾಕಿಸಿ, ಮೇಲೆ ಶಿವಮೊಗ್ಗದವರಿಗೆ ಹೇಳಿದ ದಾರಿಯೇ.

ಥರ್ಡ್ ಪಾರ್ಟಿ ಮಾತ್ರ ಒಂದು ದಿನವೂ ತಪ್ಪಬಾರದು. ಚಕ್ರ ರಸ್ತೆಗೆ ಇಳಿದರೆ ಅದು ಕಡ್ಡಾಯ, ವರ್ಷಕ್ಕೆ ಒಂದೇ ಸಲ ಆದರೂ. ಕಾರು ನಿಮ್ಮ ಹೆಸರಿಗೆ ಬಂದರೆ, ನಿಮಗೆ ಲೈಸೆನ್ಸ್ ಇಲ್ಲದ ಕಾರಣ 15 ಲಕ್ಷದ ಓನರ್-ಡ್ರೈವರ್ ಅಪಘಾತ ವಿಮೆಗೆ ಹಣ ಕಟ್ಟಬೇಕಾಗಿಲ್ಲ. ಕಟ್ಟಿಸಿಕೊಳ್ಳುತ್ತಾರೆ, ನೋಡಿಕೊಳ್ಳಿ.

ಯಜಮಾನರ ಕಾರನ್ನು ಉಳಿಸಿಕೊಳ್ಳಬೇಕು ಅಂದಿದ್ದೀರಲ್ಲ, ಓದಿ ಮನಸ್ಸು ತುಂಬಿತು. ಮದ್ರಾಸಿನಲ್ಲಿ ಹೆರಾಲ್ಡ್ ತಯಾರಿಕೆ 1971ರಲ್ಲೇ ನಿಂತಿತು. ಅದರ ಸಾಮಾನು ಫಿಯೆಟ್, ಅಂಬಾಸಿಡರ್‌ನಷ್ಟು ಸುಲಭವಾಗಿ ಸಿಗುವುದಿಲ್ಲ. ಶೆಡ್ಡಿನ ಮೂಲೆಯಲ್ಲಿ ಅವರು ಎತ್ತಿಟ್ಟ ಹಳೇ ಭಾಗಗಳಿದ್ದರೆ ಗುಜರಿಗೆ ಹಾಕಬೇಡಿ.

ಪ್ರಶ್ನೆ: ನನ್ನ 1956ರ ಕಾರಿಗೆ ವಿಎ ನಂಬರ್ (ವಿಂಟೇಜ್ ನೋಂದಣಿ) ಮಾಡಿಸಬೇಕೆಂದಿದ್ದೇನೆ. ಮದುವೆ ಮೆರವಣಿಗೆಗೆ ಬಾಡಿಗೆಗೂ ಕೇಳುತ್ತಾರೆ. ವಿಮೆಗೆ ತೊಂದರೆ ಇದೆಯೇ?
(ಓದುಗರು, ಬೆಂಗಳೂರು)

ಉತ್ತರ: ಇದೆ. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನವನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಶುಲ್ಕ 20 ಸಾವಿರ, ಹತ್ತು ವರ್ಷಕ್ಕೆ. ಅರ್ಜಿ ಜೊತೆ ಚಾಲ್ತಿಯಲ್ಲಿರುವ ವಿಮೆ ಇರಬೇಕು. ಈಗಾಗಲೇ ನೋಂದಣಿ ಇರುವ ಕಾರಾದರೆ ಹಳೇ ನಂಬರ್ ಉಳಿಸಿಕೊಳ್ಳಲು ಅವಕಾಶವಿದೆ. ನನ್ನನ್ನು ಕೇಳಿದರೆ ಉಳಿಸಿಕೊಳ್ಳಿ, ಆ ನಂಬರೂ ಕಾರಿನ ಚರಿತ್ರೆಯೇ ಅಲ್ವಾ?

ಆದರೆ ವಿಂಟೇಜ್ ನೋಂದಣಿಯಾದ ಮೇಲೆ ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಾ ಓಡಿಸುವ ಹಾಗಿಲ್ಲ, ದುಡಿಮೆಗೆ ಬಿಡುವ ಹಾಗಂತೂ ಇಲ್ಲ. ವಿಂಟೇಜ್ ಮಾಡಿಸದಿದ್ದರೂ ಬಾಡಿಗೆ ತಪ್ಪೇ. ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಓಡಾಟವನ್ನು ಒಪ್ಪುವುದಿಲ್ಲ. ಮೆರವಣಿಗೆಯಲ್ಲಿ ಯಾರಿಗಾದರೂ ಪೆಟ್ಟಾಗಿ, ಹಣ ಪಡೆದದ್ದು ಹೊರಗೆ ಬಂದರೆ ಪರಿಹಾರದ ಹೊರೆ ನಿಮ್ಮ ತಲೆಗೇ ಬರಬಹುದು. ಅಣ್ಣನ ಮಗಳ ಮದುವೆಗೆ ಪ್ರೀತಿಯಿಂದ ಕೊಡುವುದು ಬೇರೆ. ಐದು ಸಾವಿರಕ್ಕೆ ಆಸೆಪಟ್ಟು ಇಡೀ ಕಾರಿನ ರಕ್ಷಣೆ ಕಳೆದುಕೊಳ್ಳಬೇಡಿ.

ರ್‍ಯಾಲಿಗೆ ಹೋಗುವಾಗಲೂ ಮೊದಲೇ ಕಂಪನಿಗೆ ತಿಳಿಸಿ. ಸ್ಪರ್ಧೆ ಇರುವ ರ್‍ಯಾಲಿಗೆ ಬೇರೆ ಷರತ್ತು ಸೇರಿಸಬೇಕಾಗುತ್ತದೆ. ಕಾರನ್ನು ಲಾರಿ ಮೇಲೆ ಹೇರಿ ಸಾಗಿಸುವಾಗ ಆಗುವ ಹಾನಿ ಫುಲ್ ಇನ್ಶೂರೆನ್ಸ್‌ನಲ್ಲೇ ಸೇರಿದೆ, ತುಂಬಾ ಜನಕ್ಕೆ ಗೊತ್ತಿಲ್ಲ.

ಪ್ರಶ್ನೆ: ನನ್ನ ಅಂಬಾಸಿಡರ್‌ಗೆ ಹಿಂದಿನ ಮಾಲೀಕರು ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಲೇ ಇದೆ. ಕ್ಲೇಮ್ ಸಿಗುತ್ತದೆಯೇ?
(ಓದುಗರು, ದಾವಣಗೆರೆ)

ಉತ್ತರ: ಹೀಗೇ ಬಿಟ್ಟರೆ ಸಿಗುವುದು ಕಷ್ಟ. ಅಪಘಾತವಾದಾಗ ಸರ್ವೇಯರ್ ಮೊದಲು ನೋಡುವುದೇ ಎಂಜಿನ್ ನಂಬರ್ ಮತ್ತು ಚಾಸಿ ನಂಬರ್. ಆರ್‌ಸಿಗೆ ತಾಳೆಯಾಗದಿದ್ದರೆ ಅಲ್ಲಿಗೇ ಫೈಲ್ ನಿಲ್ಲುತ್ತದೆ. ಹಿಂದಿನ ಮಾಲೀಕರಿಗೆ ಇವತ್ತೇ ಫೋನ್ ಮಾಡಿ, ಬಿಚ್ಚಿದ ಪೆಟ್ರೋಲ್ ಎಂಜಿನ್ ಎಲ್ಲಿದೆ ಕೇಳಿ. ಸಿಕ್ಕರೆ ಬೇರೆ ಯೋಚನೆ ಬೇಡ, ಅದನ್ನೇ ತಂದು ಕೂರಿಸಿ. ಸಿಗದಿದ್ದರೆ ಆರ್‌ಟಿಒದಲ್ಲಿ ಬದಲಾವಣೆಗೆ ಅರ್ಜಿ ಹಾಕಿ, ಆರ್‌ಸಿ ಸರಿಯಾದ ಮೇಲೆ ವಿಮೆ ಕಂಪನಿಗೆ ಹೋಗಿ.