ಸೆಮಿಸ್ಟರ್ ಕೊನೆಯ ಗುಲ್ಲು: ಒಂದು ಆಪ್ತಸಲಹೆ ಪ್ರಕರಣ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ ಅಕೌಂಟಿಂಗ್ ಓದುತ್ತಿದ್ದ, ಮೂವತ್ತರ ಆಸುಪಾಸಿನ ಕನ್ನಡದ ಗೃಹಿಣಿಯೊಬ್ಬರು ಡಿಸೆಂಬರ್ ಮೊದಲ ವಾರದಲ್ಲಿ, ಅಂತಿಮ ಪರೀಕ್ಷೆಗಳು ಹತ್ತಿರವಾಗಿದ್ದಾಗ, ನನ್ನನ್ನು ಕಾಣಲು ಬಂದರು. ಇಲ್ಲಿ ಅವರನ್ನು ಸುಮಾ ಎಂದು ಕರೆಯುತ್ತೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕುರ್ಚಿ ಎಳೆದುಕೊಳ್ಳುವ ಮೊದಲೇ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಫೈನಲ್ಸ್‌ಗೆ ಹೋಗ್ದೇ ಇದ್ರೆ ಏನಾಗುತ್ತೆ?"

ಸುಮಾ ಹಾಸನದ ಕಡೆಯವರು. ಬಿ.ಕಾಂ. ಮುಗಿಸಿ ಊರಿನ ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು, ಮದುವೆಯ ನಂತರ ಎಚ್-4 ವೀಸಾದ (ಉದ್ಯೋಗ ವೀಸಾದಲ್ಲಿರುವವರ ಸಂಗಾತಿಗೆ ಸಿಗುವ ವೀಸಾ) ಮೇಲೆ ಅಮೆರಿಕಕ್ಕೆ ಬಂದವರು. ಈ ವೀಸಾದಲ್ಲಿ ಓದಲು ಅಡ್ಡಿಯಿಲ್ಲ, ಆದರೆ ದುಡಿಯುವಂತಿಲ್ಲ. ಪತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ತಲುಪಿದರೆ ಪ್ರತ್ಯೇಕ ಕೆಲಸದ ಪರವಾನಗಿ ಪಡೆಯಲು 2015ರಿಂದ ಅವಕಾಶವಿದ್ದರೂ ಸುಮಾ ಅವರ ಮನೆಯಲ್ಲಿ ಆ ಹಂತ ಇನ್ನೂ ಬಂದಿಲ್ಲ. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ (ಓದಿನ ಪ್ರಮಾಣವನ್ನು ಅಳೆಯುವ ಮಾನ) 46 ಡಾಲರ್ ಶುಲ್ಕವಿರುವ ಕಮ್ಯುನಿಟಿ ಕಾಲೇಜು ಇಂಥ ಮಹಿಳೆಯರಿಗೆ ಮನೆಯಿಂದ ಹೊರಗೆ ಹೆಜ್ಜೆಯಿಡುವ ಮೊದಲ ದಾರಿಯಾಗುತ್ತದೆ. ಒಂದೇ ತರಗತಿಯಲ್ಲಿ ಹೈಸ್ಕೂಲು ಮುಗಿಸಿದ ಹುಡುಗರೂ, ಗೋದಾಮಿನ ಪಾಳಿ ಮುಗಿಸಿ ಬಂದವರೂ, ಮೊಮ್ಮಕ್ಕಳಿರುವವರೂ ಕುಳಿತಿರುತ್ತಾರೆ.

ಸಂಜೆಯ ತರಗತಿ ಬಿಡುವಾಗ ರಾತ್ರಿ ಒಂಬತ್ತು ದಾಟುತ್ತಿತ್ತು. ಸುಮಾ ಅವರಿಗೆ ಕಾರು ಓಡಿಸಲು ಬರುವುದಿಲ್ಲ, ಆ ಹೊತ್ತಿನಲ್ಲಿ ಬಸ್ಸುಗಳು ವಿರಳ, ಪತಿಗೆ ಅದೇ ವೇಳೆಯಲ್ಲಿ ಬೆಂಗಳೂರಿನ ತಂಡದೊಂದಿಗೆ ಆನ್‌ಲೈನ್ ಸಭೆ. ಮೆಕ್ಸಿಕೊ ಮೂಲದ, ವಯಸ್ಸಿನಲ್ಲಿ ಹಿರಿಯರಾದ ಸಹಪಾಠಿಯೊಬ್ಬರು ತಮ್ಮ ದಾರಿಯಲ್ಲೇ ಇದ್ದ ಅಪಾರ್ಟ್‌ಮೆಂಟಿನ ಗೇಟಿನವರೆಗೆ ಬಿಟ್ಟುಹೋಗುತ್ತಿದ್ದರು. ಇದು ಪತಿಗೂ ಗೊತ್ತಿತ್ತು. ನವೆಂಬರ್ ಕೊನೆಯಲ್ಲಿ, ಜೊತೆಗೂಡಿ ಓದುತ್ತಿದ್ದ ಭಾರತೀಯ ಮಹಿಳೆಯರ ಗುಂಪಿನಲ್ಲಿ ಒಬ್ಬರು ಸುಮಾ ಮಾಡಿಟ್ಟಿದ್ದ ಪ್ರಾಜೆಕ್ಟಿನ ಎಕ್ಸೆಲ್ ಹಾಳೆಯನ್ನು ಕಳಿಸಿಕೊಡಲು ಕೇಳಿದರು. ಸುಮಾ ಕೊಡಲಿಲ್ಲ. ಆ ವಾರಾಂತ್ಯದೊಳಗೆ ವಾಟ್ಸಾಪ್‌ನಲ್ಲಿ ಎರಡು ಮಾತುಗಳು ಹರಡಿದವು: ಆಕೆಯ ಪ್ರಾಜೆಕ್ಟನ್ನು ಮಾಡಿಕೊಟ್ಟದ್ದು ಆ ಸಹಪಾಠಿ, ಮತ್ತು ಅವರಿಬ್ಬರ ನಡುವೆ "ಏನೋ ಇದೆ".

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕ್ಯಾಂಪಸ್ಸಿನಲ್ಲಿ ಗುಸುಗುಸು ಹೆಚ್ಚುವುದು ಪ್ರತಿ ವರ್ಷ ಕಾಣುವ ಸಂಗತಿ. ಯಾರಿಗೆ ಎ ಬರುತ್ತದೆ, ಯಾರು ನಕಲು ಮಾಡಿದರು, ಯಾವ ಅಧ್ಯಾಪಕರು ಯಾರನ್ನು ಓಲೈಸುತ್ತಾರೆ ಎಂಬ ಮಾತುಗಳಲ್ಲಿ ಬಹುಪಾಲು ರಜೆಯಲ್ಲಿ ತಾನೇ ಕರಗುತ್ತದೆ. ಸುಮಾ ಅವರ ವಿಷಯದಲ್ಲಿ ಹಾಗಾಗಲಿಲ್ಲ, ಏಕೆಂದರೆ ಗುಂಪಿನ ಇಬ್ಬರು ಅದೇ ಅಪಾರ್ಟ್‌ಮೆಂಟಿನವರು. ಮಾತು ಅಲ್ಲಿಂದ ಕನ್ನಡದ ಕುಟುಂಬಗಳಿಗೂ, ಅವರಲ್ಲೊಬ್ಬರ ಸಂಬಂಧಿಕರ ಮೂಲಕ ಹಾಸನಕ್ಕೂ ತಲುಪಿತು. ಅತ್ತೆಯವರು ಫೋನಿನಲ್ಲಿ, "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದು ಕೇಳಿದ ಮೇಲೆ ಸುಮಾ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಪತಿ ಏನೂ ಕೇಳಿರಲಿಲ್ಲ. ಆ ಮೌನವನ್ನೇ ಅವರು ತೀರ್ಪೆಂದು ಭಾವಿಸಿದ್ದರು.

ಸಲಹೆಗೆ ಮೊದಲು ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಬೇಕಾಗಿತ್ತು. ಮನೆಯಲ್ಲಿ ಯಾರಾದರೂ ಕೈಮಾಡಿದ್ದಾರೆಯೇ, ಪಾಸ್‌ಪೋರ್ಟ್ ಯಾರ ಬಳಿ ಇದೆ, ಖರ್ಚಿಗೆ ದುಡ್ಡು ಕೈಗೆ ಸಿಗುತ್ತದೆಯೇ, ಬದುಕೇ ಬೇಡವೆನಿಸಿದೆಯೇ. ನಮ್ಮವರಲ್ಲಿ ಇಂಥ ಪ್ರಶ್ನೆಗಳನ್ನು ಕೇಳುವುದು ಸಭ್ಯತೆಯಲ್ಲವೆಂಬ ಸಂಕೋಚವಿದೆ, ಆದರೆ ಪತಿಯ ವೀಸಾವನ್ನೇ ಆಶ್ರಯಿಸಿರುವ ಹೆಣ್ಣುಮಗಳ ವಿಷಯದಲ್ಲಿ ಆ ಸಂಕೋಚಕ್ಕೆ ಎಡೆಯಿಲ್ಲ. ಅಪಾಯದ ಲಕ್ಷಣಗಳೇನೂ ಕಾಣಲಿಲ್ಲ. ಆದರೂ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದಾದ, ಆತ್ಮಹತ್ಯೆ ತಡೆ ಮತ್ತು ಮಾನಸಿಕ ಸಂಕಟದ ಸಹಾಯವಾಣಿ 988 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿದೆ.

ಮಾತು ಮುಂದುವರಿದಂತೆ, ಅವರನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು ಗಾಳಿಸುದ್ದಿ ಎಂಬುದು ಹೊರಬಿತ್ತು. ನಕಲಿನ ದೂರು ಬಂದರೆ ಕಾಲೇಜು ಪತಿಗೆ ಪತ್ರ ಬರೆಯುತ್ತದೆ, ಫೇಲಾದರೆ ವೀಸಾ ರದ್ದಾಗುತ್ತದೆ ಎಂದು ಗುಂಪಿನಲ್ಲಿ ಯಾರೋ ಹೇಳಿದ್ದರು. ಎರಡೂ ಸುಳ್ಳು. 1974ರ ಫೆರ್ಪಾ ಕಾಯಿದೆಯ ಪ್ರಕಾರ ಕಾಲೇಜು ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದೇ. ಆಕೆಯ ಲಿಖಿತ ಒಪ್ಪಿಗೆಯಿಲ್ಲದೆ ಅಂಕಗಳನ್ನು ಪತಿಗೆ ತಿಳಿಸುವಂತಿಲ್ಲ. ಪೂರ್ಣಾವಧಿ ಓದಿನ, ಅಂದರೆ ಸಾಮಾನ್ಯವಾಗಿ 12 ಯೂನಿಟ್‌ಗಳ ಕಟ್ಟುಪಾಡು ಇರುವುದು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ. ಎಚ್-4ರಲ್ಲಿರುವವರು ಒಂದೇ ವಿಷಯ ಓದಿದರೂ, ಅದರಲ್ಲಿ ಫೇಲಾದರೂ ವೀಸಾಕ್ಕೆ ತೊಂದರೆಯಿಲ್ಲ. ಅವರು ದೀರ್ಘವಾಗಿ ಉಸಿರು ಬಿಟ್ಟು, ಬ್ಯಾಗಿನಿಂದ ನೀರಿನ ಬಾಟಲಿ ತೆಗೆದದ್ದು ಆಗಲೇ.

ಪರೀಕ್ಷೆಯ ಕುರಿತು ನನ್ನ ಸಲಹೆ ಸ್ಪಷ್ಟವಾಗಿತ್ತು. ಅಂಕಪಟ್ಟಿಯಲ್ಲಿ ಡಬ್ಲ್ಯೂ (ವಿತ್‌ಡ್ರಾ, ಅಂದರೆ ವಿಷಯ ಬಿಟ್ಟದ್ದು) ಎಂಬ ಗುರುತು ಪಡೆದು ವಿಷಯ ಬಿಡುವ ಗಡುವು ಸೆಮಿಸ್ಟರಿನ ಮುಕ್ಕಾಲು ಭಾಗಕ್ಕೇ ಮುಗಿದಿತ್ತು. ಉಳಿದದ್ದನ್ನು ಒಂದು ವರ್ಷದೊಳಗೆ ಪೂರೈಸುವ ಇನ್‌ಕಂಪ್ಲೀಟ್ ಅವಕಾಶವಿದೆಯಾದರೂ ಅದು ಮುನ್ಸೂಚನೆಯಿಲ್ಲದ ತುರ್ತು ಸಂದರ್ಭಗಳಿಗೆ ಮೀಸಲು, ಮತ್ತು ಇವರ ತಯಾರಿ ಚೆನ್ನಾಗಿಯೇ ಇತ್ತು. ಈಗ ಗೈರಾದರೆ ಎಫ್ (ಫೇಲ್) ಗ್ರೇಡ್ ಬರುವುದಷ್ಟೇ ಅಲ್ಲ, ಪ್ರಾಜೆಕ್ಟು ಆಕೆಯದಲ್ಲವೆಂದವರ ಮಾತಿಗೆ ಪುಷ್ಟಿಯೂ ಸಿಗುತ್ತದೆ. ಎಕ್ಸೆಲ್ ಹಾಳೆಯ ಹಳೆಯ ಆವೃತ್ತಿಗಳನ್ನೂ ಕೈಬರಹದ ಲೆಕ್ಕಗಳನ್ನೂ ಜೋಪಾನವಾಗಿಡಿ. ಅಧ್ಯಾಪಕರು ಕೇಳಿದರೆ ತೋರಿಸಿ. ಕೇಳದಿದ್ದರೆ ನೀವಾಗಿ ಹೋಗಿ ಇಲ್ಲದ ಆರೋಪಕ್ಕೆ ಸಮಜಾಯಿಷಿ ಕೊಡಬೇಡಿ ಎಂದೆ.

ಗುಂಪಿನಲ್ಲಿ ಉತ್ತರ ಬರೆಯಬಾರದೆಂದೂ, ಬಂದ ಸಂದೇಶಗಳನ್ನು ಅಳಿಸಬಾರದೆಂದೂ ಹೇಳಿದೆ. ಹಾಳೆ ಕೇಳಿದ್ದ ಗೆಳತಿಗೆ ಒಬ್ಬರೇ ಸಿಕ್ಕಾಗ ಹೇಳಬೇಕಾದದ್ದನ್ನು ಇಬ್ಬರೂ ಸೇರಿ ಬರೆದೆವು: "ನನ್ನ ಬಗ್ಗೆ ನೀವು ಹೇಳಿದ್ದು ಮನೆತನಕ ಬಂದಿದೆ. ಅದು ನಿಜ ಅಲ್ಲ. ಇನ್ನು ಹೇಳಬೇಡಿ." ಮೊದಲ ಕರಡಿನಲ್ಲಿ ಸುಮಾ ಸೇರಿಸಿದ್ದ ಕ್ಷಮಾಪಣೆಯನ್ನು ಹೊಡೆದುಹಾಕಿದವರೂ ಅವರೇ.

ಕಷ್ಟವಾದದ್ದು ಪತಿಯ ವಿಷಯ. ಆತ ಕೇಳುವವರೆಗೆ ಕಾಯುವುದು ಸುಮಾ ಅವರ ಎಣಿಕೆ. ಕೇಳುವ ಮೊದಲೇ ತಾವಾಗಿ ಹೇಳುವುದು ನನ್ನ ಸಲಹೆ. ಸಮರ್ಥನೆಯ ಧಾಟಿ ಬೇಡ, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿ, ಅತ್ತೆಯವರ ಮಾತಿನಿಂದ ಆದ ನೋವನ್ನೂ ಹೇಳಿ, ಅಲ್ಲಿಗೆ ನಿಲ್ಲಿಸಿ ಎಂದೆ. ಸಹಪಾಠಿಯ ಕಾರಿನಲ್ಲಿ ಬರುವುದನ್ನು ಬಿಡಬೇಕೆ ಎಂದು ಕೇಳಿದಾಗ, ಊರಿನ ಬಾಯಿಗೆ ಹೆದರಿ ಬಿಡುವುದಾದರೆ ಬೇಡವೆಂದೆ. ಆದರೆ ರಾತ್ರಿ ಮನೆ ಸೇರಲು ಇನ್ನೊಬ್ಬರ ಅನುಕೂಲ ಕಾಯಬೇಕಾದ ಸ್ಥಿತಿ ಬದಲಾಗಬೇಕಾದದ್ದೇ, ಗುಲ್ಲು ಇರಲಿ ಇಲ್ಲದಿರಲಿ.

ಸುಮಾ ಪರೀಕ್ಷೆ ಬರೆದರು. ಪತಿ ಎಲ್ಲವನ್ನೂ ಕೇಳಿಸಿಕೊಂಡು, ಆ ಮಾತು ತನ್ನ ಕಿವಿಗೂ ಬಿದ್ದಿತ್ತು, ಪರೀಕ್ಷೆ ಮುಗಿಯಲೆಂದು ಸುಮ್ಮನಿದ್ದೆ ಎಂದರಂತೆ. ಅದನ್ನು ಸುಮಾ ಇನ್ನೂ ಪೂರ್ತಿ ನಂಬಿಲ್ಲ. ಗೆಳತಿ ಉತ್ತರ ಕೊಡಲಿಲ್ಲ, ಮಾತು ಮಾತ್ರ ನಿಂತಿದೆ. ಡ್ರೈವಿಂಗ್ ಕಲಿಕೆಯ ಪರ್ಮಿಟ್‌ಗೆ ಅರ್ಜಿ ಹಾಕಿದ್ದಾರೆ. ಅತ್ತೆಯವರ ಫೋನಿನ ವಿಷಯವನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ: ಮೊದಲು ಮಗನೇ ತಾಯಿಯೊಡನೆ ಮಾತಾಡಬೇಕೆಂಬುದು ನನ್ನ ಅಭಿಪ್ರಾಯ, ಸುಮಾ ಅದಕ್ಕೆ ಇನ್ನೂ ಒಪ್ಪಿಲ್ಲ.